ಬಾಣಲೆ ಮೇಲಿನ ಅಂಗೈ

ವಿಜಯನಗರದ ಅತ್ತೆಮನೆಯಲ್ಲಿ ಪುಟ್ಟಲಕ್ಷ್ಮಿಯ ಮೊದಲ ಅಡುಗೆ. ಉಲ್ಲಾಳದಿಂದ ಬಂದ ಅವಳ ಅಪ್ಪ ನಡುಮನೆಯಲ್ಲಿ ಕೂತಿದ್ದರು. “ಬೆಂಡೆಕಾಯಿ ಲೋಳೆಯಾದ್ರೆ ನಿಮ್ಮಪ್ಪನ ಎಲೆಗೇ ಮೊದ್ಲು ಬಡಿಸ್ತೀನಿ, ಮಗಳಿಗೆ ಏನು ಕಲಿಸಿದಾರೆ ನೋಡ್ಕೊಳ್ಳಲಿ,” ಎಂದಿದ್ದರು ಅತ್ತೆ ಯಶೋದಮ್ಮ.

ಒರೆಸಿ ಹೆಚ್ಚಿದ ಹೋಳುಗಳು ಸೀಮೆಎಣ್ಣೆ ಸ್ಟೌ ಮೇಲೆ ಇನ್ನೇನು ಗರಿಗರಿಯಾಗಬೇಕು, ಪೂಜೆ ಮುಗಿಸಿದ ಅತ್ತೆ ನೀರಿನ ಪಂಚಪಾತ್ರೆ ಹಿಡಿದು ಬಂದರು. ಅಡುಗೆಮನೆಯ ಹೊರಗೆ, ಜಗಲಿಯಲ್ಲಿ ಹೆಚ್ಚಿದ ತರಕಾರಿಗೆ ನೀರು ಚಿಮುಕಿಸದೆ ಅವರಿಗೆ ಮಡಿಯಾಗದು. ನೀರು ಬಿದ್ದರೆ ಪಲ್ಯ ಲೋಳೆ.

ಪುಟ್ಟಲಕ್ಷ್ಮಿ ಬಾಣಲೆಯ ಮೇಲೆ ಅಂಗೈ ಒಡ್ಡಿದಳು. “ನನ್ನ ಕೈಗೇ ಹಾಕಿ ಅತ್ತೆ. ಹೆಚ್ಚಿದ್ದು ಇದೇ ಕೈ.”

ಕಾವಿಗೆ ಅಂಗೈ ಉರಿಯಿತು, ಅವಳು ಕದಲಲಿಲ್ಲ. ಅತ್ತೆ ದಿಟ್ಟಿಸಿ ನೋಡಿದರು, ಆಮೇಲೆ ಆ ಅಂಗೈಗೇ ನಾಲ್ಕು ಹನಿ ನೀರು ಬಿಟ್ಟರು.

ಊಟದಲ್ಲಿ ಅಪ್ಪನ ಬಾಯಿಂದ ಕರುಂಕುರುಂ ಸದ್ದು ಕೇಳಿತು.

“ಉಪ್ಪು ಚೂರು ಮುಂದು,” ಎಂದರು ಒಂದು ಹೋಳು ಬಾಯಿಗೆ ಹಾಕಿಕೊಂಡ ಯಶೋದಮ್ಮ. “ಬೀಗರಿಗೆ ಇನ್ನಷ್ಟು ಬಡಿಸೇ. ನನಗೂ ಒಂಚೂರು ಉಳಿಸು.”