ಪುಣಜನೂರು ಕಡೆ ನೋಡಿ

“ಇಳಿಯಪ್ಪಾ ಕೆಳಕ್ಕೆ, ಹೆಂಚು ಒಡ್ದೋಯ್ತವೆ!” ಎಂದು ರಾಜಶೇಖರ್ ಮೂರನೇ ಸಲ ಕೂಗಿದ.

ಕೊಟ್ಟಿಗೆಯ ಸೂರಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಸುಧಾಕರ್ ಫೋನನ್ನು ಅಂಗಳದ ಕಡೆಯಿಂದ ಕದಲಿಸಲಿಲ್ಲ. “ಎರಡೇ ನಿಮ್ಷ ಅಣ್ಣ, ಮೇಲಿಂದ ಒಂದ್ ಶಾಟ್ ತಕ್ಕಂಡು ಇಳ್ದ್‌ಬುಡ್ತೀನಿ,” ಎಂದ. ಅವನದು ‘ಗಡಿಸೀಮೆ ಸುದ್ದಿ’ ಎಂಬ ಪೇಜು. ಗುಂಡ್ಲುಪೇಟೆಯಲ್ಲಿ ಲಾರಿ ಮಗುಚಿದರೂ, ಆನೆ ಬಂದರೂ ಮೊದಲು ಅದರಲ್ಲೇ ಬರುತ್ತಿತ್ತು. ಹೆತ್ತವ್ವನ ಹೆಣದ ಮುಂದೆ ನಿಂತು ಹೆಂಚಿನ ಜಗಳ ಆಡಬೇಕಾಯಿತಲ್ಲ ಎಂದು ರಾಜಶೇಖರ್ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನೆಲಕ್ಕೆ ಬಡಿದ. ಎರಡು ಹೆಂಚು ಜಾರಿ ಬಿದ್ದು ಒಡೆದ ಮೇಲೆಯೇ ಸುಧಾಕರ್ ಇಳಿದದ್ದು.

ರಾಜಶೇಖರನ ಮಗಳು ರೂಪಶ್ರೀ ನಡುಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಕಿಟಕಿಯಿಂದ ನೋಡುವುದು ಅವಳಿಗೆ ಹೊಸದಲ್ಲ. ಎದ್ದು ನಿಂತು ಪಾಠ ಓದು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆಂದು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಆರು ವರ್ಷದಿಂದ ಆ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಿದ್ದಳು.

ಚಪ್ಪರದ ಕೆಳಗೆ ಅಜ್ಜಿ ಮಲ್ಲಾಜಮ್ಮ ಮಲಗಿದ್ದಳು. ಬೆಳಿಗ್ಗೆ ಚಾಮರಾಜನಗರದಿಂದ ಬಂದ ಆಂಬುಲೆನ್ಸು ಅವಳನ್ನು ಬಿಳಿ ಬಟ್ಟೆಯಲ್ಲಿ ಬಿಗಿದು ತಂದಿತ್ತು. ಮುಖವಷ್ಟೇ ಕಾಣುತ್ತಿತ್ತು. ಅವರಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುವುದು ಪದ್ಧತಿ. ಗುಂಡಿಯೊಳಗೂ ಕೂರಿಸಿಯೇ ಮಣ್ಣು ಕೊಡುತ್ತಾರೆ. ಆದರೆ ಇದು ಹಲವು ದಿನದ ದೇಹ, ಕೊಯ್ದು ಹೊಲಿದದ್ದು. “ಇವರನ್ನ ಕೂರ್ಸಕ್ಕಾಗಲ್ಲ ಕಣ್ರಪ್ಪ, ಮಲಗ್ಸೇ ಮಾಡನ,” ಎಂದು ಮಠದ ಗುರುಸ್ವಾಮಿಗಳು ಹೇಳಿದ್ದರು. ಅಷ್ಟು ಸಾಕಾಯಿತು.

“ಯಾಕೆ ಕೂರ್ಸಲ್ವಂತೆ?” ಎಂದು ಚಪ್ಪರದ ಮೂಲೆಯಲ್ಲಿ ಒಬ್ಬಳು ಕೇಳಿದಳು.

“ಕೂರ್ಸುದ್ರೆ ಗೊತ್ತಾಗ್ಬುಡ್ತದೆ ಅಂತ ಇರ್ಬೇಕು,” ಎಂದಳು ಪಕ್ಕದ ಮನೆಯ ಪುಟ್ಟಸಿದ್ದಮ್ಮ.

“ಏನು ಗೊತ್ತಾಗ್ಬುಡ್ತದೆ?”

“ಅದೇ ಕಣವ್ವ, ಪೋನ್ನಲ್ಲಿ ಬತ್ತಾ ಅದಲ್ಲ.”

ಫೋನಿನಲ್ಲಿ ಬರುತ್ತಿದ್ದುದೆಲ್ಲ ರೂಪಶ್ರೀಯ ಅವ್ವ ಸುಧಾಮಣಿಯ ಮೇಲೆ. ಮಂಗಳವಾರ ಸಂಜೆ ಪೊಲೀಸರಿಗೆ ದೂರು ಕೊಟ್ಟು, ಅಜ್ಜಿ ಕಾಣೆಯಾಗಿದ್ದಾಳೆಂದು ಸುಧಾಕರನ ಪೇಜಿಗೂ ಕಳಿಸುವಾಗ, ಕೈಗೆ ಸಿಕ್ಕ ಫೋಟೋ ಒಂದೇ. ಮಲ್ಲಾಜಮ್ಮ ಹಿತ್ತಿಲ ಕಲ್ಲಿನ ಮೇಲೆ, ಕರುವಿನ ಪಕ್ಕ, ಅಲ್ಯೂಮಿನಿಯಂ ತಟ್ಟೆಯಲ್ಲಿ ಉಣ್ಣುತ್ತಿರುವುದು. ಕರು ತಟ್ಟೆಗೆ ಬಾಯಿ ಹಾಕುವುದು ಚೆಂದವೆಂದು ರೂಪಶ್ರೀಯೇ ತೆಗೆದದ್ದು. ‘ಕೊಟ್ಟಿಗೆಯಲ್ಲಿ ಊಟ ಹಾಕ್ತಿದ್ರು ನೋಡಿ’ ಎಂದು ಮೊದಲ ಗಂಟೆಯಲ್ಲೇ ಯಾರೋ ಬರೆದರು. ‘ಸೋಮವಾರ ಹೋದೋಳಿಗೆ ಮಂಗಳವಾರ ಕಂಪ್ಲೇಂಟು ಯಾಕೆ?’ ‘ಜಮೀನು ಯಾರ ಹೆಸರಲ್ಲಿದೆ ವಿಚಾರಿಸಿ.’ ಸುಧಾಮಣಿಯ ಹೆಸರು ಕೂಡ ತಿಳಿಯದವರು ‘ಆ ಸೊಸೆ’ ಎಂದು ಸಾವಿರ ಸಲ ಬರೆದರು.

ದೇಹದ ಮೇಲೆ ಗಾಯವಿಲ್ಲ, ಎದೆ ನಿಂತಿದೆ, ಅನುಮಾನವಿಲ್ಲ ಎಂದು ಪೊಲೀಸರು ಹೇಳಿ ಕೈತೊಳೆದುಕೊಂಡರು. ಫೋನಿನವರಿಗೆ ಅನುಮಾನ ಬೇಕಾದಷ್ಟಿತ್ತು. ಅದಕ್ಕೆ ಕಾರಣ ಒಂದು ಕಾಮೆಂಟು. ದೇಹ ಸಿಕ್ಕಿದ್ದು ಗುರುವಾರ ಸಂಜೆ, ತಮಿಳುನಾಡು ಗಡಿಯ ಕಾಡಂಚಿನ ಪುಣಜನೂರಿನಲ್ಲಿ. ಬುಧವಾರ ಬೆಳಿಗ್ಗೆಯೇ, ಗುಲಾಬಿಯ ಚಿತ್ರ ಬಿಟ್ಟರೆ ಹೆಸರು ಕುಲ ಏನೂ ಇಲ್ಲದ ಒಂದು ಖಾತೆಯಿಂದ, ‘ಪುಣಜನೂರು ಕಡೆ ನೋಡಿ’ ಎಂದು ಬಂದಿತ್ತು. ಸುಧಾಕರ್ ಅದನ್ನು ಹುಡುಕಿ ತೆಗೆದು ದೊಡ್ಡದು ಮಾಡಿ ಹಾಕಿದ್ದ: ‘ಶವ ಸಿಗುವ ಮೊದಲೇ ಜಾಗ ಗೊತ್ತಿದ್ದ ಈ ವ್ಯಕ್ತಿ ಯಾರು?’ ಸೊಸೆಯ ಕಳ್ಳ ಖಾತೆ ಎಂದು ಜನ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿದರು. ಸುಧಾಮಣಿಗೆ ಫೋನಿನಲ್ಲಿ ಬರುತ್ತಿದ್ದುದು ಒಂದೇ ವಿದ್ಯೆ, ಹಸಿರು ಒತ್ತಿ ಹಲೋ ಅನ್ನುವುದು.

ಆ ಗುಲಾಬಿ ರೂಪಶ್ರೀಯದು.

*

ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ ಎಂದು ಸರ್ಕಾರ ಹೇಳಿದಾಗ ಮಲ್ಲಾಜಮ್ಮನಿಗೆ ಎಪ್ಪತ್ತು ದಾಟಿತ್ತು. ಅಲ್ಲಿಯವರೆಗೆ ರಸ್ತೆಯನ್ನು ಅವಳು ಬದಿಯಿಂದ ನೋಡಿದವಳು. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ಮಂಡಿಯ ಮುಂದೆ ಕೂತು ಈರುಳ್ಳಿ ಆಯುತ್ತಿದ್ದಳು. ಯಾವ ಬಸ್ಸು ಯಾವಾಗ ಹೋಗುತ್ತದೆ, ಯಾವ ಡ್ರೈವರು ಹಾರ್ನು ಜಾಸ್ತಿ ಹೊಡೆಯುತ್ತಾನೆ ಎಲ್ಲ ಬಾಯಿಪಾಠ. ಹತ್ತಿದ್ದು ಮಾತ್ರ ಮದುವೆಗೆ, ಸಾವಿಗೆ, ಮಗಳ ಬಾಣಂತನಕ್ಕೆ.

ಒಂದು ದಿನ ಸಂತೆಮರಹಳ್ಳಿಯ ಮಗಳು ಸುಂದ್ರಮ್ಮನ ಮನೆಗೆಂದು ಹೊರಟವಳು ಚಾಮರಾಜನಗರದಲ್ಲಿ ಬೇರೆ ಬಸ್ಸು ಹತ್ತಿದಳು. ಸಂಜೆಗೆ ಮನೆಗೆ ಬಂದು, ಹೊಲಿಗೆ ಯಂತ್ರದ ಪಕ್ಕ ಕೂತು, ಮೊಮ್ಮಗಳಿಗೆ ಮಾತ್ರ ಹೇಳಿದಳು.

“ಪುಣಜನೂರಿಗೆ ಓಗಿದ್ದೆ ಕಣಮ್ಮಿ.”

“ಅಲ್ಲೇನದೆ ಅಜ್ಜಿ?”

“ಏನೂ ಇಲ್ಲ. ಕಾಡದೆ. ಕೋತಿ ಅವೆ. ಟೀ ಅಂಗಡಿಯೋನು ನನ್ನ ಪಾಟಿ ಪಾಟಿ ಅಂತಾನೆ. ಅವರ ತಮಿಳಲ್ಲಿ ಅಜ್ಜಿ ಅಂತಂತೆ.”

“ಮತ್ಯಾಕೆ ಓದೆ?”

“ಕಿಟಕಿ ಪಕ್ಕ ಕೂತ್ಕೊಳಕೆ.” ಮಲ್ಲಾಜಮ್ಮ ನಕ್ಕಳು. “ನೀನು ಕೂತಿಲ್ವಾ ಆರು ವರ್ಸದಿಂದ? ನಿನ್ ಕಿಟಕಿ ನಿಂತದೆ, ನಂದು ಓಡ್ತದೆ.”

ಆಮೇಲೆ ಮಗಳ ಮನೆಗೆಂದು ಹೇಳಿ ಹದಿನೈದು ದಿನಕ್ಕೊಂದು ಸಲ ಹೋಗುತ್ತಿದ್ದಳು. ಹೊರಡುವ ಮೊದಲು ಕೊರಳಿನ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡು, ಖಾಲಿ ಕರಡಿಗೆಯನ್ನು ರೂಪಶ್ರೀಯ ಕೈಗೆ ಕೊಡುತ್ತಿದ್ದಳು. “ಬಸ್ಸಲ್ಲಿ ನೂಕುನುಗ್ಲು. ಲಿಂಗ ಯಾವನೂ ಕದಿಯಲ್ಲ, ಬೆಳ್ಳಿ ಬುಡಲ್ಲ.” ಅದು ಹುಕ್ಕು, ಗುಂಡಿಗಳ ಡಬ್ಬಿಯ ತಳದಲ್ಲಿ ಕೂತಿರುತ್ತಿತ್ತು.

“ನಿಮ್ಮಪ್ಪಂಗೆ ಏಳ್ಬೇಡ. ಯಾಕೆ ಓಗಿದ್ದೆ ಅಂತಾನೆ. ಸುಮ್ಗೆ ಅಂದ್ರೆ ನಂಬಲ್ಲ. ಮನೇಲಿ ಏನು ಕಮ್ಮಿಯಾಗದೆ ಅಂತ ಊರೆಲ್ಲ ಕೇಳ್ತದೆ ಅಂತಾನೆ. ಆಣೆ ಆಕು.”

ರೂಪಶ್ರೀ ಆಣೆ ಹಾಕಿದಳು.

*

ಈ ಸೋಮವಾರವೂ ಕರಡಿಗೆ ಡಬ್ಬಿಗೆ ಬಂತು, ಅಜ್ಜಿ ಬಸ್ಸಿಗೆ ಹೋದಳು. ದೀಪ ಹಚ್ಚಿದರೂ ಬರಲಿಲ್ಲ. “ಸುಂದ್ರತ್ತಿಗೆ ಉಳಿಸ್ಕಂಡವ್ರೆ ಬುಡು,” ಎಂದು ಸುಧಾಮಣಿ ತಟ್ಟೆ ಇಟ್ಟಳು. ರೂಪಶ್ರೀ ಬಾಯಿ ತೆರೆದಳು, ತುತ್ತು ಇಟ್ಟುಕೊಂಡಳು. ಕೊನೆಯ ಬಸ್ಸು ತಪ್ಪಿರಬೇಕು, ಬೆಳಿಗ್ಗೆ ಬರುತ್ತಾಳೆ ಎಂದುಕೊಂಡಳು. ಮಂಗಳವಾರ ಮಧ್ಯಾಹ್ನ ಸುಂದ್ರಮ್ಮನೇ ಬೇರೇನಕ್ಕೋ ಫೋನು ಮಾಡಿ, “ಅವ್ವ ಇಲ್ಲಿಗೆಲ್ಲಿ ಬಂದವ್ಳೆ?” ಎಂದಾಗ ಮನೆಯೆಲ್ಲ ಎದ್ದು ನಿಂತಿತು. ಆಗಲಾದರೂ ಹೇಳಬಹುದಿತ್ತು. ಆದರೆ ಆಗ ‘ನಿನ್ನೆ ಯಾಕೆ ಹೇಳಲಿಲ್ಲ’ ಎನ್ನುವುದೂ ಜೊತೆಗೆ ಹುಟ್ಟಿಬಿಟ್ಟಿತ್ತು. ನಾಲಿಗೆ ಅಂಟಿಕೊಂಡಿತು.

ಬುಧವಾರ ಬೆಳಿಗ್ಗೆ ಬೆರಳಾದರೂ ಆಡಲಿ ಎಂದು ಮೂರು ಪದ ಬರೆದಳು. ಅಷ್ಟು ಸಾವಿರ ಜನದಲ್ಲಿ ಒಬ್ಬರಾದರೂ ಪುಣಜನೂರಿಗೆ ಹೋಗಿ ನೋಡುತ್ತಾರೆಂದು ನಂಬಿದ್ದಳು. ‘ನೀವ್ಯಾರು ಮೇಡಂ?’ ಎಂದು ಇಬ್ಬರು ಕೇಳಿದರು. ಒಬ್ಬ ನಗುವ ಮುಖ ಹಾಕಿದ. ಯಾರೂ ಹೋಗಲಿಲ್ಲ. ಮಾರನೆಯ ದಿನ ದನ ಹುಡುಕಿಕೊಂಡು ಹೋದವನೊಬ್ಬನಿಗೆ ಬಸ್ಸು ನಿಲ್ಲುವ ಜಾಗದಾಚೆಯ ಪಾಳು ಮಂಟಪದಲ್ಲಿ ಅಜ್ಜಿ ಸಿಕ್ಕಿದಳು. ಕಂಬಕ್ಕೆ ಒರಗಿ ಕೂತೇ ಹೋಗಿದ್ದಳಂತೆ. ಸೋಮವಾರವೋ ಮಂಗಳವಾರವೋ ಖಚಿತವಾಗಿ ಹೇಳಲಾಗುವುದಿಲ್ಲ ಎಂದರು ಡಾಕ್ಟರು.

*

“ಲಿಂಗ ಎಲ್ಲವ್ವ?” ಎಂದು ಗುರುಸ್ವಾಮಿಗಳು ಕೇಳಿದರು.

ಪೊಲೀಸರು ಕೊಟ್ಟಿದ್ದ ಲಕೋಟೆಯಿಂದ ರಾಜಶೇಖರ್ ಬಿಳಿ ಗಂಟನ್ನು ತೆಗೆದುಕೊಟ್ಟ. ಸ್ವಾಮಿಗಳು ಅದನ್ನು ಬಿಚ್ಚಿ, ಲಿಂಗವನ್ನು ತೊಳೆದು, ಬಟ್ಟೆ ಸಡಿಲಿಸಿ ಮಲ್ಲಾಜಮ್ಮನ ಎಡ ಅಂಗೈಯಲ್ಲಿಟ್ಟರು. ಅಷ್ಟು ಹೊತ್ತು ತಲೆ ಚಚ್ಚಿಕೊಂಡು ಅಳುತ್ತಿದ್ದ ಸುಂದ್ರಮ್ಮ ಗಕ್ಕನೆ ನಿಲ್ಲಿಸಿದಳು.

“ಕರಡಿಗೆ ಎಲ್ಲಿ?”

ಲಿಂಗ ಕಟ್ಟಿದ್ದ ವಸ್ತ್ರವನ್ನು ಎತ್ತಿ ಹಿಡಿದಳು.

“ನಮ್ಮಪ್ಪ ಮಾಡ್ಸಿದ್ ಬೆಳ್ಳಿ ಕರಡಿಗೆ ಎಲ್ಲಿ ಅಂದೆ! ಇದ್ಯಾಕೆ ಭಿಕ್ಷದೋರ ಥರ ಬಟ್ಟೇಲಿ ಕಟ್ಟದೆ?”

“ನಂಗೇನ್ ಗೊತ್ತತ್ತಿಗೆ?” ಎಂದಳು ಸುಧಾಮಣಿ.

“ದಿನಾ ಮುಖ ನೋಡೋಳು ನೀನು, ನಂಗೇನ್ ಗೊತ್ತು ಅಂದ್ರೆ? ಸಂತೆಮರಳ್ಳೀಲಿ ಕೂತಿರೋ ನಂಗೆ ಗೊತ್ತಾ?”

“ಬೆಳ್ಳಿ ಈಗ ಏನ್ ರೇಟು ಕಣವ್ವ!” ಎಂದು ಪುಟ್ಟಸಿದ್ದಮ್ಮ ಯಾರಿಗೋ ಹೇಳಿದಳು, ಎಲ್ಲರಿಗೂ ಕೇಳುವಂತೆ.

ಸುಧಾಕರ್ ಫೋನನ್ನು ಸುಧಾಮಣಿಯ ಮುಖದ ಹತ್ತಿರ ತಂದ. “ಅಕ್ಕ, ಕರಡಿಗೆ ವಿಚಾರ ಜನ ಕೇಳ್ತಾರೆ. ಒಂದ್ ಸ್ಪಷ್ಟನೆ ಕೊಟ್ಬುಡಿ.”

“ಎಂಥ ಸ್ಪಷ್ಟನೆ ಕೊಡ್ಲಪ್ಪ?” ಸುಧಾಮಣಿಯ ದನಿ ಬಿರಿಯಿತು. “ಅತ್ರೆ ನಾಟ್ಕ ಅಂತೀರಿ. ಅಳ್ದಿದ್ರೆ ಕಲ್ಲು ಅಂತೀರಿ. ನಿನ್ನೆ ತಲೆ ಬಾಚ್ಕಂಡಿದ್ದೆ ಅಂತ ಅದ್ಕೂ ಬರ್ದವ್ರೆ. ಈ ಮುಖ ತಕ್ಕಂಡೋಗಿ ಎಲ್ಲಿಡ್ಲಿ ನೀನೇ ಏಳು!”

ಕಿಟಕಿಯ ಒಳಗೆ ರೂಪಶ್ರೀ ಡಬ್ಬಿಗೆ ಕೈ ಹಾಕಿದಳು. ಹುಕ್ಕುಗಳು ಉಗುರಿನ ಸಂದಿಗೆ ಚುಚ್ಚಿದವು. ಕರಡಿಗೆ ಹಿಡಿದು ಹೊಸ್ತಿಲು ದಾಟಿದಾಗ ಅಂಗಳದ ಅಷ್ಟೂ ಕಣ್ಣು ಅವಳ ಕಡೆಗೆ ತಿರುಗಿದವು. ಶಾಲೆಯಲ್ಲಿ ಎದ್ದು ನಿಂತಾಗಲೂ ಹೀಗೇ ಆಗುತ್ತಿತ್ತು.

“ನನ್ ತಾವಿತ್ತು,” ಎಂದಳು.

“ಜೋರಾಗೇಳು,” ಎಂದ ಅಪ್ಪ.

“ನನ್ ತಾವಿತ್ತು. ಅಜ್ಜೀನೇ ಕೊಟ್ಟಿದ್ದು. ಬಸ್ಸಲ್ಲಿ ಕಳ್ರು ಅಂತ. ಅಜ್ಜಿ ಅತ್ತೆ ಮನೆಗೆ ಓಯ್ತಿರ್ಲಿಲ್ಲ. ಪುಣಜನೂರಿಗೆ ಓಗಿ ಟೀ ಕುಡ್ದು ಬತ್ತಿದ್ಲು. ನಂಗೊಬ್ಳಿಗೇ ಗೊತ್ತಿತ್ತು. ಪೋನಲ್ಲಿ ಬರ್ದದ್ದೂ ನಾನೇ. ಅವ್ವ ಅಲ್ಲ.”

ಸ್ವಾಮಿಗಳ ಕೈಯಲ್ಲಿದ್ದ ವಿಭೂತಿ ಅಲ್ಲೇ ನಿಂತಿತು.

“ಯಾರಿದ್ರು ಅಲ್ಲಿ?” ಎಂದ ರಾಜಶೇಖರ್.

“ಯಾರೂ ಇಲ್ಲ.”

“ಮತ್ಯಾಕೆ ಓಯ್ತಿದ್ಲು?”

“ಸುಮ್ಗೆ, ಅಪ್ಪ.”

“ಸುಮ್ಗೆ ಅಂದ್ರೆ? ಒಂದ್ ಕಾರ್ಣ ಬೇಡ್ವಾ?” ರಾಜಶೇಖರ್ ಸುತ್ತ ನಿಂತವರನ್ನು ನೋಡಿದ, ಅವರಲ್ಲಿ ಯಾರಾದರೂ ಅರ್ಥ ಹೇಳಲಿ ಎಂಬಂತೆ. ಸುಂದ್ರಮ್ಮ ಮಾತ್ರ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೇರೆಯದೇ ದನಿಯಲ್ಲಿ ಕೇಳಿದಳು: “ಟೀ ಜೊತೆ ಏನಾದ್ರೂ ತಿಂತಿದ್ಲಾ?”

“ಒಂದ್ ಬನ್ನು, ಅತ್ತೆ.”

“ಬನ್ನಾ! ನಮ್ಮನೇಲಿ ಕೊಟ್ರೆ ಹಲ್ಲಿಲ್ಲ ಅಂತಿದ್ಲು,” ಎಂದು ಸುಂದ್ರಮ್ಮ ಈಗ ನಿಜವಾಗಿ ಅತ್ತಳು, ಸದ್ದಿಲ್ಲದೆ.

ಸುಧಾಮಣಿ ಮಗಳ ಎದುರಿಗೆ ಬಂದು ನಿಂತಳು. ಕೆಂಡದಂಥ ಕಣ್ಣು. “ಐದು ದಿವ್ಸ ಕಣಮ್ಮಿ,” ಎಂದಳು. “ಐದು ದಿವ್ಸ ನಂಗೆ ಉಗುದ್ರಲ್ಲ, ನೋಡ್ಕಂಡ್ ಕೂತಿದ್ದಲ್ಲ!” ಬಲಗೈ ಮೇಲಕ್ಕೆ ಹೋಯಿತು. ರೂಪಶ್ರೀ ಕೆನ್ನೆ ತಪ್ಪಿಸಲಿಲ್ಲ.

“ತಂಗಿ, ಸ್ವಲ್ಪ ಈ ಕಡೆ ತಿರ್ಗಮ್ಮ,” ಎಂದು ಸುಧಾಕರ್ ನುಗ್ಗಿ ಬಂದ. “ಮೊದ್ಲಿಂದ ಏಳು. ಅಜ್ಜಿ ಹೋದ್ ದಿನಾನೇ ಗೊತ್ತಿತ್ತು ತಾನೆ? ಗೊತ್ತಿದ್ದೂ ಬಚ್ಚಿಟ್ಟೆ ತಾನೆ? ಸೋಮವಾರನೇ ಏಳಿದ್ರೆ ಬದ್ಕಿರೋರು ಅನ್ಸಲ್ವಾ ನಿಂಗೆ?”

ರೂಪಶ್ರೀಯ ಬಾಯಿ ತೆರೆದೇ ಇತ್ತು. ಇನ್ನೊಂದು ಮಾತು ಬಂದಿದ್ದರೆ ಅದು ‘ಹೌದು’ ಎಂದೇ ಬರುತ್ತಿತ್ತು.

ಎತ್ತಿದ ಕೈಯನ್ನು ಸುಧಾಮಣಿ ಇಳಿಸಲಿಲ್ಲ. ಅದೇ ಕೈಯಲ್ಲಿ ಸೆರಗನ್ನು ಎಳೆದು ಅಗಲ ಮಾಡಿ ಹಿಡಿದು, ಮಗಳಿಗೂ ಫೋನಿಗೂ ನಡುವೆ ತಿರುಗಿ ನಿಂತಳು.

“ನನ್ನ ತೆಗಿ,” ಎಂದಳು.

“ಅಕ್ಕ, ಒಂದ್ ನಿಮ್ಷ ಪಕ್ಕಕ್ಕೆ...”

“ನನ್ನೇ ತೆಗಿಯಪ್ಪ. ನಂಗೆ ರೂಢಿಯಾಗದೆ. ಅತ್ತೆ ಎಲ್ಲಿ ಓಗ್ತಾಳೆ ಅಂತ ಸೊಸೆ ಕೇಳ್ನಿಲ್ಲ ಅಂತ ಬರ್ಕೋ. ಕೇಳ್ನಿಲ್ಲ, ನಿಜ. ನಂಗೆ ಪುರ್ಸೊತ್ತಿರ್ನಿಲ್ಲ. ಏನ್ ಬೇಕೋ ಬರ್ಕೋ, ಈ ಮಗೀನ ಮುಖ ಮಾತ್ರ ನಿಂಗೆ ಸಿಕ್ಕಲ್ಲ.”

ಸುಧಾಕರ್ ಎಡಕ್ಕೆ ಸರಿದ, ಸೆರಗು ಎಡಕ್ಕೆ ಸರಿಯಿತು. ಬಲಕ್ಕೆ ಬಂದ, ಸೆರಗು ಬಲಕ್ಕೆ ಬಂತು. ಹಿಂದೆ, ಅವ್ವನ ಬೆವರಿನಿಂದ ನೆನೆದ ಬೆನ್ನಿಗೆ ಹಣೆ ಕೊಟ್ಟು, ಸೊಂಟದ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ರೂಪಶ್ರೀ ನಿಂತಿದ್ದಳು. “ಎತ್ತನ ಕಣ್ರಪ್ಪ, ಹೊತ್ತಾಯ್ತು,” ಎಂದು ಗುರುಸ್ವಾಮಿಗಳು ಹೇಳಿದ್ದು ಕೇಳಿಸಿತು.

ಮಲ್ಲಾಜಮ್ಮನನ್ನು ಹೊಲದ ಬದುವಿನಲ್ಲಿ ಗಂಡನ ಪಕ್ಕ ಮಲಗಿಸಿ ಬಂದು ಎಲ್ಲರೂ ಕಾಲು ತೊಳೆಯುವಷ್ಟರಲ್ಲಿ ಗಡಿಸೀಮೆ ಸುದ್ದಿಯಲ್ಲಿ ಹೊಸ ವಿಡಿಯೋ ಬಂದಿತ್ತು. ನಲವತ್ತು ಸೆಕೆಂಡಿನದು. ಬಸ್ಸು, ಟೀ, ಬನ್ನು ಯಾವುದೂ ಅದರಲ್ಲಿ ಇರಲಿಲ್ಲ. ಸುಧಾಮಣಿ ಇದ್ದಳು, ಸೆರಗು ಚಾಚಿಕೊಂಡು, ಬಾಯಿ ತೆರೆದುಕೊಂಡು. ಅವಳ ಸೊಂಟದ ಹತ್ತಿರ, ಸೀರೆಯ ನೆರಿಗೆಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದ ನಾಲ್ಕು ಬೆರಳು ಕಾಣುತ್ತಿದ್ದವು. ಆ ಬೆರಳುಗಳ ಸುತ್ತ ಕೆಂಪು ಬಣ್ಣದಲ್ಲಿ ದುಂಡಗೆ ಗೆರೆ ಎಳೆದು, ಒಂದು ಬಾಣ ಹಾಕಿ, ಕೆಳಗೆ ಬರೆದಿದ್ದರು: ‘ಹಿಂದೆ ಅಡಗಿರುವ ಈ ಕೈ ಯಾರದು?’