ಒಂದೇ ಅಚ್ಚಿನ ತಲೆಗಳು

ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಪ್ಲಾಸ್ಟರ್ ಕಲಸಿದವರಿಗೆ ಊರಿಟ್ಟ ಹೆಸರು ಬುರುಡೆ ಮೇಷ್ಟ್ರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಪಾಠ ಹೇಳುವವರ ಮೇಜಿನ ಮೇಲೆ ಇಡುವ ತಲೆಬುರುಡೆಗಳನ್ನು ಅಚ್ಚಿಗೆ ಹೊಯ್ದು, ಉಜ್ಜಿ, ಬಣ್ಣ ಹಚ್ಚುವುದು ಅವರ ಕೆಲಸ. ಪ್ರೊಫೆಸರರು ಅವುಗಳನ್ನು ಎತ್ತಿ ಹಿಡಿದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕೈತಪ್ಪಿ ಬಿದ್ದು ಒಡೆದ ದಿನ ಮಾತ್ರ ಮೇಷ್ಟ್ರ ನೆನಪಾಗುತ್ತಿತ್ತು.

ನೆಲಮಾಳಿಗೆಯ ಗಾಜಿನ ಬೀರುವಿನಲ್ಲಿ ಮನುಷ್ಯನ ಮುಖ ತಯಾರಾಗುವುದನ್ನು ಅವರು ಸಾಲಾಗಿ ಜೋಡಿಸಿದ್ದರು. ಐದನೇ ವಾರದ ಪಿಂಡಕ್ಕೆ ಕಣ್ಣು ಮೀನಿನ ಹಾಗೆ ಎರಡು ಪಕ್ಕಕ್ಕೆ, ಮೂಗಿನ ಜಾಗದಲ್ಲಿ ಎರಡು ಕುಳಿ. ವಾರ ಕಳೆದಂತೆ ಕಣ್ಣು ಮುಂದಕ್ಕೆ ಸರಿದು, ಮೂಗಿನ ಎರಡು ಭಾಗ ಹತ್ತಿರ ಬಂದು, ಮೇಲ್ದುಟಿ ಕೂಡಿಕೊಂಡು, ಎಂಟನೇ ವಾರಕ್ಕೆ ಇದು ನಮ್ಮವನೇ ಎಂದು ಒಪ್ಪಿಕೊಳ್ಳಬಹುದಾದ ಮುಖ. ಸಾಲಿನ ಕೊನೆಗೆ ಆಗಷ್ಟೇ ಹುಟ್ಟಿದ ಕೂಸಿನ ಬುರುಡೆ. ಅದರ ಮೂಳೆಯ ಹೋಳುಗಳು ಒಂದಕ್ಕೊಂದು ಅಂಟಿರುವುದಿಲ್ಲ, ನಡುವೆ ಸಂದು, ನೆತ್ತಿಯಲ್ಲಿ ಮೆದು ಜಾಗ. ಹೊರಗೆ ಬರುವಾಗ ಹೋಳುಗಳು ಒಂದರ ಮೇಲೊಂದು ಸರಿಯಬೇಕು, ಬಂದಮೇಲೆ ಮಿದುಳು ಬೆಳೆದ ಹಾಗೆ ಜಾಗ ಬಿಡಬೇಕು. ಅದಕ್ಕೇ ಆ ಸಂದುಗಳು ವರ್ಷಗಟ್ಟಲೆ ತೆರೆದಿರುತ್ತವೆ. ತಲೆ ದೊಡ್ಡದಾದ ಮೇಲೂ ಎಲ್ಲ ಸಂದು ಮುಚ್ಚಿಕೊಂಡು ಕೂರುವುದಕ್ಕೆ ಮನುಷ್ಯನಿಗೆ ಆತುರವೇನಿಲ್ಲ. ಮನಸ್ಸು ಮುಚ್ಚಿಕೊಳ್ಳುವುದು ಬೇಗ, ಅದು ಬೇರೆ ಮಾತು.

ಇಷ್ಟೆಲ್ಲ ಕೈಯಲ್ಲೇ ಬಲ್ಲ ಮೇಷ್ಟ್ರು ನಿವೃತ್ತರಾದ ಹೊಸದರಲ್ಲಿ, ಆರು ವರ್ಷದ ಹಿಂದೆ, ಒಮ್ಮೆ ಬಾಯಿಬಿಟ್ಟು ಕೆಟ್ಟಿದ್ದರು. ಎದುರುಮನೆಯ ದರ್ಜಿಗೆ ಮಗು ಹುಟ್ಟಿದ ಮಾರನೇ ದಿನ ನೋಡಲು ಹೋಗಿ, ಮೇಲಕ್ಕೆ ಚೂಪಾಗಿದ್ದ ತಲೆ ಕಂಡು, "ಈ ತಲೆ ಸರಿ ಇಲ್ಲ, ಆಸ್ಪತ್ರೆಗೆ ಓಡಿ" ಎಂದುಬಿಟ್ಟರು. ಬಾಣಂತಿ ಅತ್ತಳು. ದರ್ಜಿ ಓಡಿದ. ಹೆರಿಗೆಯಲ್ಲಿ ಒತ್ತಿದ ತಲೆ ಹಾಗೇ ಇರುತ್ತೆ ಎಂದು ನರ್ಸು ನಕ್ಕು ಕಳಿಸಿದಳು. ಹತ್ತು ದಿನಕ್ಕೆ ತಲೆ ದುಂಡಗಾಯಿತು. ಬೀದಿಗೆ ಬೇರೆ ಕೆಲಸವಿರಲಿಲ್ಲ, ಬುರುಡೆ ಮೇಷ್ಟ್ರು ಬುರುಡೆ ಬಿಟ್ಟರು ಎಂದು ವರ್ಷವಿಡೀ ನಕ್ಕಿತು.

ತಪ್ಪಾದದ್ದು ಎಲ್ಲಿ ಎಂದು ಮೇಷ್ಟ್ರಿಗೆ ಆಮೇಲೆ ಹೊಳೆಯಿತು. ಅವರು ಹೊಯ್ದ ಕೂಸಿನ ಬುರುಡೆಗಳೆಲ್ಲ ಒಂದೇ ಅಚ್ಚಿನವು. ಯಾವ ಕಾಲದ ಯಾವ ಕೂಸೋ, ಮೂವತ್ತೊಂದು ವರ್ಷ ಅದೊಂದನ್ನೇ ನೂರಾರು ಸಲ ಹುಟ್ಟಿಸಿ, ಜಗತ್ತಿನ ಕೂಸುಗಳನ್ನೆಲ್ಲ ಬಲ್ಲೆ ಅಂದುಕೊಂಡಿದ್ದರು. ಇನ್ನು ಮೇಲೆ ಜೀವ ಇರುವ ತಲೆಯ ತಂಟೆಗೇ ಹೋಗುವುದಿಲ್ಲ ಎಂದು ಅಂದೇ ಶಪಥ ಮಾಡಿದರು.

ಎರಡು ಬೀದಿ ಆಚೆ ಇದ್ದ ಮಗಳಿಗೆ ಗಂಡುಮಗುವಾದಾಗ ಮನೆತುಂಬ ಮುಖತಜ್ಞರು. ಮೂಗು ತನ್ನದು ಎಂದು ಮೇಷ್ಟ್ರ ಹೆಂಡತಿ, ಗಲ್ಲ ತನ್ನದು ಎಂದು ಅಳಿಯ. ಉಳಿದದ್ದೆಲ್ಲ ತಮ್ಮ ವಂಶದ್ದು ಎಂದು ಬೀಗಿತ್ತಿ, ಅಂದರೆ ಅಳಿಯನ ತಾಯಿ. ಪಾಪ, ಒಂಬತ್ತು ತಿಂಗಳು ಹೊತ್ತ ಮಗಳ ಪಾಲಿಗೆ ಬಂದದ್ದು ಒಂದು ಕಿವಿ, ಅದೂ ಎಡಗಿವಿ.

ಎರಡನೇ ತಿಂಗಳಲ್ಲಿ ಮೊಮ್ಮಗನನ್ನು ತೋಳಿನಲ್ಲಿ ಮಲಗಿಸಿಕೊಂಡಿದ್ದ ಮೇಷ್ಟ್ರ ಬೆರಳು ತಾನಾಗಿಯೇ ನಡುನೆತ್ತಿಯ ಮೇಲೆ ಸರಿಯಿತು. ಸಂದು ಇರಬೇಕಾದಲ್ಲಿ ಹಣೆಯಿಂದ ಹಿಂದಕ್ಕೆ ಒಂದು ಏಣು. ಮೂಳೆ ಕೂಡಿಕೊಂಡ ಏಣು. ಬೆರಳು ಮತ್ತೊಮ್ಮೆ ಅದೇ ದಾರಿಯಲ್ಲಿ ಹೋಗಿ ಬಂತು.

"ತಲೆ ಸ್ವಲ್ಪ ಉದ್ದ ಅಲ್ವಾ?" ಎಂದರು, ಯಾರಿಗೂ ಅಲ್ಲ ಎಂಬಂತೆ.

"ಮತ್ತೆ! ನಮ್ಮ ಯಜಮಾನರದ್ದೇ ತಲೆ!" ಬೀಗಿತ್ತಿ ಹಿಗ್ಗಿದರು. "ಬುದ್ಧಿವಂತರ ತಲೆ ಬೀಗರೇ, ಉದ್ದಾನೇ ಇರೋದು. ನೀವು ಇದಕ್ಕೂ ಏನಾದ್ರೂ ಹೇಳ್ಬೇಡಿ ಮತ್ತೆ, ದರ್ಜಿ ಮಗೂಗೆ ಹೇಳಿದ್ರಲ್ಲ, ಹಾಗೆ."

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಮೇಷ್ಟ್ರೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಮಾನ ಉಳಿಯಿತು.

ಉಳಿದ ಮಾನವನ್ನು ಅವರು ಐದು ತಿಂಗಳು ಜೋಪಾನ ಮಾಡಿದರು. ಚುಚ್ಚುಮದ್ದು ಹಾಕುವ ಡಾಕ್ಟರು ನೋಡುತ್ತಾರಲ್ಲ, ಓದಿದವರು, ಅವರಿಗೆ ಕಾಣದ್ದು ತನಗೆ ಕಂಡೀತೇ? ಆ ಡಾಕ್ಟರಿಗೋ ಬಾಗಿಲಾಚೆ ನಲವತ್ತು ಕೂಸು ಕಾದಿರುತ್ತಿದ್ದವು. ಅವರು ತೊಡೆ ನೋಡಿ ಸೂಜಿ ಚುಚ್ಚುತ್ತಿದ್ದರೇ ಹೊರತು ತಲೆಯವರೆಗೆ ಬರಲು ಪುರುಸೊತ್ತಿರಲಿಲ್ಲ. ಮೇಷ್ಟ್ರು ಮಾತ್ರ ಮಗು ಸಿಕ್ಕಾಗಲೆಲ್ಲ ನೆತ್ತಿ ಸವರುತ್ತಿದ್ದರು. ತಾತನಿಗೆ ಎಷ್ಟು ಪ್ರೀತಿ ಎಂದು ಮನೆಯವರು ಮೆಚ್ಚಿಕೊಂಡರು.

ಏಳನೇ ತಿಂಗಳಲ್ಲಿ ಹೆಂಡತಿ ಉಣ್ಣೆಯ ಟೋಪಿ ಹಿಡಿದು ಗೊಣಗುತ್ತಾ ಬಂದರು. "ಎರಡು ತಿಂಗಳಿದ್ದಾಗ ಹೆಣೆದದ್ದು ನೋಡ್ರೀ. ಹಿಂದೆ ಮುಂದೆ ಎಳೆದ್ರೂ ಸಾಲ್ತಿಲ್ಲ. ಅಗಲಕ್ಕೆ ಮಾತ್ರ ಅಳತೆ ತಗೊಂಡ ಹಾಗಿದೆ. ಇದೆಂಥಾ ತಲೇರೀ ಇದು?"

ಮೇಷ್ಟ್ರು ಎದ್ದರು. ಕಾಲೇಜಿನಲ್ಲಿ ಹೊರಗೆರೆ ತೆಗೆಯಲು ಬಳಸುತ್ತಿದ್ದ ಮೆದು ತಂತಿಗೆ ಬಟ್ಟೆ ಸುತ್ತಿ, ಮಗಳ ಮನೆಗೆ ಹೋಗಿ, ನಿದ್ದೆಯಲ್ಲಿದ್ದ ಮಗುವಿನ ತಲೆಯ ಸುತ್ತ ಬಳಸಿ, ಅದೇ ಆಕಾರವನ್ನು ಕಾಗದದ ಮೇಲೆ ಬರೆದರು. ಹೆಂಡತಿ ಟೋಪಿಗೆಂದು ಹಿಂದೆ ಅವರಿಂದಲೇ ಬರೆಸಿಕೊಂಡಿದ್ದ ಗೆರೆಯನ್ನು ಅದರೊಳಗಿಟ್ಟರು. ಉದ್ದಕ್ಕೆ ಎರಡು ಬೆರಳು ಬೆಳೆದಿದ್ದ ತಲೆ ಅಗಲಕ್ಕೆ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಈ ಸಲ ಹೋಲಿಸಿದ್ದು ಅಚ್ಚಿನ ಜೊತೆ ಅಲ್ಲ, ಅದೇ ಮಗುವಿನ ಜೊತೆ.

"ಇವತ್ತೇ ದೊಡ್ಡಾಸ್ಪತ್ರೆಗೆ ಹೋಗೋಣ," ಎಂದರು. ಬೀಗಿತ್ತಿ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೇ ತಡೆದರು, "ನಗೋದಿದ್ರೆ ದಾರೀಲಿ ನಗಿ ಬೀಗರೇ. ಆಟೋ ಬಂದಿದೆ."

ತಲೆ ಆಪರೇಷನ್ ಮಾಡುವ ಡಾಕ್ಟರಮ್ಮ ಕಾಗದ ನೋಡಿ, ನೆತ್ತಿ ಮುಟ್ಟಿ, ಸ್ಕ್ಯಾನ್ ಬರೆದುಕೊಟ್ಟರು. ಸಂಜೆ ನಾಲ್ಕಕ್ಕೆ ಚಿತ್ರ ಬಂತು. ನಡುನೆತ್ತಿಯ ಸಂದು ಪೂರ್ತಿ ಮುಚ್ಚಿತ್ತು.

"ಮಿದುಳಿಗೆ ಈಗ ತೊಂದರೆ ಕಾಣ್ತಿಲ್ಲ. ಆದ್ರೆ ಜಾಗ ಮಾಡಿಕೊಡಲೇಬೇಕು," ಎಂದರು ಡಾಕ್ಟರಮ್ಮ. "ಮೂರು ತಿಂಗಳೊಳಗೆ ಬಂದಿದ್ರೆ ಎರಡು ಸಣ್ಣ ಗಾಯ ಮಾಡಿ ಮುಗಿಸಬಹುದಿತ್ತು. ಈಗ ಈ ಕಿವಿಯಿಂದ ಆ ಕಿವಿಯವರೆಗೆ ಬಿಚ್ಚಬೇಕು, ಮೂಳೆ ತೆಗೆದು ಮತ್ತೆ ಜೋಡಿಸಬೇಕು, ರಕ್ತ ಕೊಡಬೇಕು. ಬಹಳಷ್ಟು ಮಕ್ಕಳು ಚೆನ್ನಾಗೇ ಆಗ್ತಾರೆ. ಆದ್ರೂ ದೊಡ್ಡ ಆಪರೇಷನ್. ಅಂದ ಹಾಗೆ ಇದನ್ನ ಮೊದಲು ಗಮನಿಸಿದ್ದು ಯಾರು? ಒಳ್ಳೇ ಕಣ್ಣು."

"ನಮ್ಮಪ್ಪ," ಎಂದಳು ಮಗಳು, ಹೆಮ್ಮೆಯಿಂದ.

ಜೀವಮಾನದಲ್ಲಿ ಒಬ್ಬ ಡಾಕ್ಟರು ಹೊಗಳಿದ್ದು ಅದೇ ಮೊದಲು. ಮೇಷ್ಟ್ರು ಕಾಗದ ಮಡಚಿ ಜೇಬಿಗಿಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಗಳು ಕೇಳಿದಳು, "ಅಪ್ಪಾ, ನಿಮಗೆ ಯಾವಾಗ ಗೊತ್ತಾಯ್ತು?"

ಇವತ್ತು, ಎಂದರೆ ಮುಗಿಯುತ್ತಿತ್ತು. ಟೋಪಿ ಸಾಕ್ಷಿ ಹೇಳುತ್ತಿತ್ತು.

"ಎರಡನೇ ತಿಂಗಳಲ್ಲಿ," ಎಂದರು ಮೇಷ್ಟ್ರು. "ನಗ್ತೀರಿ ಅಂತ ಸುಮ್ಮನಿದ್ದೆ."

ಮಗಳ ಮುಖ ಬಿಳಿಚಿಕೊಂಡಿತು. ಅವಳು ಕಿರುಚುತ್ತಾಳೆ ಎಂದುಕೊಂಡರು. ಕಿರುಚಿದ್ದರೆ ಒಳ್ಳೆಯದಿತ್ತು. ಬೀಗಿತ್ತಿ ತಮ್ಮ ಯಜಮಾನರ ತಲೆಯ ವಿಷಯ ಒಂದಕ್ಷರ ಎತ್ತದೆ ಗೋಡೆಯ ಕಡೆ ತಿರುಗಿದರು.

ಒಳಗಿನಿಂದ ನರ್ಸು ಕೂಗಿದಳು, ಒಪ್ಪಿಗೆ ಪತ್ರಕ್ಕೆ ತಾಯಿ ಸಹಿ ಬೇಕಂತೆ. ಮಗಳು ಎದ್ದಳು. ಮಗುವನ್ನು ಯಾರ ಕೈಗೆ ಕೊಡಲಿ ಎಂದು ಒಂದು ಗಳಿಗೆ ನೋಡಿ, ಅಪ್ಪನ ತೊಡೆಯ ಮೇಲೆ ಇಟ್ಟಳು.

"ನಾವು ನಕ್ಕಿದ್ದೂ ತಪ್ಪೇ," ಎಂದಳು. "ಆದ್ರೆ ನಾನು ನಿಮ್ಮ ಮಗಳು ಅಪ್ಪಾ, ಬೀದಿ ಅಲ್ಲ. ನನ್ನ ಕಿವಿಯಲ್ಲಾದ್ರೂ ಹೇಳಬಹುದಿತ್ತು."

ಅವಳು ಸಹಿ ಹಾಕಲು ಹೋದಳು. ಮಗು ತಾತನ ಗಡ್ಡಕ್ಕೆ ಕೈಹಾಕಿ ಎಳೆದು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.