ಉಜ್ಜಿದರೆ ಹೋಗುವ ಉಬ್ಬು

"ಹಾಗಲ್ಲ, ಮೊದಲು ಅದರ ಕಾಲು ಈ ಕಡೆ ತಿರುಗಿಸಿ," ಎನ್ನುತ್ತ ಉಜ್ಜಪ್ಪ ಸೋಫಾದ ಒಂದು ತುದಿ ಎತ್ತಿದ. ಇನ್ನೊಂದು ತುದಿ ಹಿಡಿದಿದ್ದ ಸತ್ತವನ ಭಾವಮೈದುನ ಹೇಳಿದಂತೆ ಮಾಡಿದ. ಶವದ ಪೆಟ್ಟಿಗೆಗೆ ದಾರಿಯಾಯಿತು. ಒಂದು ಎದುರುಮಾತೂ ಬರಲಿಲ್ಲವಲ್ಲ ಎಂದು ಉಜ್ಜಪ್ಪನಿಗೆ ಸಪ್ಪೆಯೆನಿಸಿತು. ಮೊನ್ನೆ ಸಂಜೆ ಬಸ್ಸಿಗೆ ಕಾಯುತ್ತಿದ್ದ ಗೆಳೆಯ ನಿಂತಲ್ಲೇ ಕುಸಿದು ಸತ್ತಾಗಿನಿಂದ ಅವನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಸೊಂಟ ಬೇರೆ ಹಿಡಿದುಕೊಂಡಿತ್ತು.

ಉಜ್ಜಪ್ಪ ಎನ್ನುವುದು ಪ್ರಯೋಗಾಲಯದವರು ಇಟ್ಟ ಹೆಸರು. ಸತ್ತವನನ್ನು ಶಿಖರಪ್ಪ ಎನ್ನುತ್ತಿದ್ದರು. ವಿಟಮಿನ್ ದ್ರಾವಣದಲ್ಲಿ ಎಲೆಕ್ಟ್ರೋಡ್ ಅದ್ದಿ, ವಿದ್ಯುತ್ ಹರಿಸಿ, ಪರದೆಯ ಮೇಲೆ ಏರಿಳಿಯುವ ಗೆರೆ ನೋಡುತ್ತಲೇ ಇಬ್ಬರ ತಲೆಯೂ ನರೆತಿತ್ತು.

ಬಾಗಿಲ ಬಳಿ ಪ್ರಯೋಗಾಲಯದ ಹೆಂಗಸರಿಬ್ಬರು ಪಿಸುಗುಟ್ಟುತ್ತಿದ್ದರು.

"ಇನ್ನಾದ್ರೂ ಉಜ್ಜಪ್ಪನವರ ಕಿವಿಗೆ ಆರಾಮ."

"ಸುಮ್ನಿರೇ, ಕೇಳಿಸ್ಕೊಂಡಾರು."

ಕೇಳಿಸಿತ್ತು.

*

ಪ್ರಯೋಗಾಲಯದಲ್ಲಿ ದಿನಾ ಬೆಳಗ್ಗೆ ಅದೇ ಹಾಡು, ಅದೇ ರಾಗ.

"ಬಾರೋ ಇಲ್ಲಿ, ಎದ್ದಿದೆ ನೋಡು!" ಎಂದು ಶಿಖರಪ್ಪ ಕೂಗುತ್ತಿದ್ದ. ಗೆರೆಯ ದೊಡ್ಡ ಶಿಖರದ ಪಕ್ಕದಲ್ಲೊಂದು ಪುಟ್ಟ ಉಬ್ಬು. ಬಿ-ಎರಡು ವಿಟಮಿನ್ನಿನ ಯಾರೂ ಕಾಣದ ಗುಣವೊಂದು ಅಲ್ಲಿ ತೋರುತ್ತಿದೆ ಎಂದು ಅವನ ಪಟ್ಟು.

"ಅದು ನಿನ್ನೆಯ ಕೊಳೆ ಕಣೋ. ನಿನ್ನೆ ಅಂಟ್ಕೊಂಡ ವಿಟಮಿನ್ನೇ ಎಲೆಕ್ಟ್ರೋಡ್ ಮೇಲೆ ಇನ್ನೂ ಕೂತಿದೆ. ಸರಿಯಾಗಿ ಉಜ್ಜು, ಹೋಗುತ್ತೆ."

"ಉಜ್ಜಿದೀನಿ."

"ಏನು ಉಜ್ಜಿದೀಯ, ನಿನ್ನ ತಲೆ!"

ಒದ್ದೆ ಬಟ್ಟೆಗೆ ಬಿಳಿ ಪುಡಿ ಹಾಕಿ ತಾನೇ ಉಜ್ಜಿ ತೋರಿಸೋಣವೆಂದು ಉಜ್ಜಪ್ಪ ಕೈ ಚಾಚಿದರೆ, ಶಿಖರಪ್ಪ ಎಲೆಕ್ಟ್ರೋಡನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ. ಅವರವರದನ್ನು ಅವರವರೇ ಉಜ್ಜಬೇಕು ಎಂಬುದು ಅಲ್ಲಿಯ ಕಟ್ಟಳೆ. ಬೈದಾಡಿಕೊಂಡೇ ಇಬ್ಬರೂ ಚಹಾ ಮುಗಿಸುತ್ತಿದ್ದರು.

"ಸಾಯೋದ್ರೊಳಗೆ ಒಂದ್ಸಲ 'ನೀನೇ ಸರಿ' ಅಂದುಬಿಡೋ. ಅಷ್ಟು ಸಾಕು ನಂಗೆ," ಎನ್ನುತ್ತಿದ್ದ ಉಜ್ಜಪ್ಪ. ತಮಾಷೆಗೆ ಹೇಳಿದಂತೆ ಕಂಡರೂ ಅವನಿಗೆ ನಿಜಕ್ಕೂ ಆ ಒಂದು ಮಾತು ಬೇಕಿತ್ತು.

*

ಶಿಖರಪ್ಪನ ಹೆಂಡತಿ ಉಜ್ಜಪ್ಪನನ್ನು ಅಡುಗೆಮನೆಗೆ ಕರೆದಳು. ಅತ್ತು ಅತ್ತು ಅವಳ ದನಿ ಉಡುಗಿತ್ತು.

"ಆ ಉಬ್ಬಿನ ವಿಷಯ. ನೀವು ಹೇಳಿದ್ದೇ ಸರಿಯಂತೆ."

ಉಜ್ಜಪ್ಪ ಒಲೆಯ ಕಟ್ಟೆಗೆ ಕೈಯೂರಿದ. "ಯಾವಾಗ ಹೇಳಿದ?"

"ಹೋದ ವರ್ಷಾನೇ. ಒಂದು ರಜಾದಿನ ಒಬ್ರೇ ಹೋಗಿ ಚೆನ್ನಾಗಿ ಉಜ್ಜಿ ನೋಡಿದ್ರಂತೆ. ಉಬ್ಬು ಮಾಯ. ಮನೆಗೆ ಬಂದು ಊಟಾನೂ ಮಾಡ್ಲಿಲ್ಲ."

"ಮತ್ತೆ ಮೊನ್ನೆ ಬೆಳಗ್ಗೇನೂ ಉಬ್ಬು ಇತ್ತಲ್ಲ ಅತ್ತಿಗೆ? ನಾನೇ ನೋಡಿದೆ. ಜಗಳಾನೂ ಆಡಿದೆ."

"ಬೇಕಂತಲೇ ಉಜ್ತಿರ್ಲಿಲ್ಲ. ವರದಿಗೆಲ್ಲ ಮಧ್ಯಾಹ್ನ ಉಜ್ಜಿ ತೆಗೆದ ಗೆರೇನೇ ಹಾಕ್ತಿದ್ರು. ಬೆಳಗ್ಗಿಂದು ನಿಮಗೆ ಮಾತ್ರ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗಿ ಒಪ್ಕೊಂಡ್ಬಿಡಿ ಅಂತ ನಾನೂ ಬೈದೆ. 'ಒಪ್ಕೊಂಡ್ರೆ ನಾಳೆಯಿಂದ ಅವನು ನನ್ನ ಮೇಜಿನ ಹತ್ರ ಯಾಕೆ ಬರ್ತಾನೆ?' ಅಂದ್ರು."

ಇಷ್ಟು ವರ್ಷ ಕಾದ ಮಾತು ಕೊನೆಗೂ ಸಿಕ್ಕಿತ್ತು. ಅದನ್ನು ತೆಗೆದುಕೊಂಡು ಏನು ಮಾಡಬೇಕೆಂದೇ ಉಜ್ಜಪ್ಪನಿಗೆ ತಿಳಿಯಲಿಲ್ಲ. ಗೆದ್ದೆ ಅನಿಸಲಿಲ್ಲ.

"ಕಳ್ಳ," ಎಂದ. "ಶುದ್ಧ ಕಳ್ಳ."

"ಹೂಂ," ಎಂದಳು ಅವಳು.

*

"ಸಾರ್, ನಿಮಗೆ ಸೊಂಟ ನೋವು. ನೀವು ಬಿಡಿ," ಎಂದ ಭಾವಮೈದುನ. ಉಜ್ಜಪ್ಪ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಮೆಟ್ಟಿಲು ಕಿರಿದು, ಗೋಡೆಯ ಸುಣ್ಣ ತೋಳಿಗೆ ಮೆತ್ತಿಕೊಳ್ಳುತ್ತಿತ್ತು. ತಿರುವಿನಲ್ಲಿ ಪೆಟ್ಟಿಗೆ ವಾಲಿ ಅವನ ಹೆಗಲಿಗೇ ಒರಗಿತು.

"ಎಲ್ಲಾ ಭಾರ ನನ್ನ ಮೇಲೇ ಹಾಕ್ತೀಯಲ್ಲೋ, ಸೋಮಾರಿ!" ಎಂದು ಗದರಿದ.

ಮೇಲಿನ ಮೆಟ್ಟಿಲಲ್ಲಿದ್ದವರು ಗಕ್ಕನೆ ನಿಂತರು. ಮುದುಕ ಉಸಿರು ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡು ಸ್ವಲ್ಪ ಹೊತ್ತು ಕಾದರು.

"ನಡೀರಿ ಸಾರ್, ಕೆಳಗೆ ಗಾಡಿ ಬಂದಿದೆ," ಎಂದ ಭಾವಮೈದುನ.

ಉಜ್ಜಪ್ಪ ಕಾಲು ಕೀಳಲಿಲ್ಲ. ಬೈಗುಳಕ್ಕೆ ಉತ್ತರ ಬರಲೆಂದು ಪೆಟ್ಟಿಗೆಯ ಹಲಗೆಗೆ ಕಿವಿಗೊಟ್ಟು ನಿಂತೇ ಇದ್ದ.